ಮರಳುದಿಣ್ಣೆಯೂ ಮೋಟಾರು ಚಕ್ರವೂ

ಅಲ್ಲಿ ಬೇಸಗೆಯ ರಜೆ ಒದಗುವ ಡಿಸೆಂಬರಿನಲ್ಲಿ, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲವುಳ್ಳ ಜೀಪಿನಲ್ಲಿ ಆಸ್ಟ್ರೇಲಿಯದ ಸಿಂಪ್ಸನ್ ಮರುಭೂಮಿಯನ್ನು ದಾಟಬಹುದೇ, ದಾಟುವುದಾದರೆ ಸಿದ್ಧತೆಯೇನು ಎಂದು ಮೆಲ್ಬರ್ನಿನಲ್ಲಿ ನೆಲೆಸಿರುವ ಓದುಗರೊಬ್ಬರು ಕೇಳಿದ್ದಾರೆ. ಮೊದಲನೆಯದಕ್ಕೆ ಸರ್ಕಾರವೇ ಉತ್ತರವಿತ್ತಿದೆ: ಪ್ರತಿವರ್ಷವೂ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅಲ್ಲಿನ ರಾಷ್ಟ್ರೀಯ ಉದ್ಯಾನವನ್ನು ಮುಚ್ಚಲಾಗುತ್ತದೆ. ಎರಡನೆಯ ಪ್ರಶ್ನೆಯಾದರೋ ಭೌತವಿಜ್ಞಾನದ ಸೊಗಸಾದ ಅಧ್ಯಾಯವೊಂದನ್ನು ತೆರೆಯುತ್ತದೆ.

ತುಸು ವಾಯವ್ಯಕ್ಕೆ ವಾಲಿ ಉತ್ತರದಕ್ಷಿಣವಾಗಿ ಮಲಗಿರುವ ಸಾವಿರಕ್ಕೂ ಮಿಕ್ಕ ಸಮಾನಾಂತರ ಮರಳುದಿಣ್ಣೆಗಳು ಇಲ್ಲುಂಟು. ಅವುಗಳ ಪಶ್ಚಿಮದ ಮಗ್ಗುಲು ಮೆಲ್ಲನೆ ಏರಿ ಪೂರ್ವದ ಮಗ್ಗುಲು ಕಡಿದಾಗಿ ಇಳಿಯುವುದರಿಂದ, ಬಲ್ಲವರು ಪಶ್ಚಿಮದಿಂದಲೇ ಹೊರಡುವರು. ಎಡಿಯಾಕರ ಬೆಟ್ಟಗಳಲ್ಲಿ 1946ರಲ್ಲಿ ಅತಿಪ್ರಾಚೀನ ಜೀವಾವಶೇಷಗಳನ್ನು ಕಂಡ ಭೂವಿಜ್ಞಾನಿ ರೆಗ್ ಸ್ಪ್ರಿಗ್ ಅವರೇ 1962ರಲ್ಲಿ ಪತ್ನಿ ಮತ್ತು ಇಬ್ಬರು ಮಕ್ಕಳೊಡನೆ ಇದನ್ನು ಮೊತ್ತಮೊದಲು ಮೋಟಾರಿನಲ್ಲಿ ದಾಟಿದರು.

ಆದರೆ ಮರಳಿನಲ್ಲಿ ಮೋಟಾರು ನಡೆಸುವ ವಿದ್ಯೆಗೆ ಶಾಸ್ತ್ರದ ಗೌರವವನ್ನು ತಂದಿತ್ತವರು, ನನ್ನ ಮೆಚ್ಚುಗೆಗೆ ಸದಾ ಪಾತ್ರರಾದ ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್. ಲಿಬಿಯದ ಮರುಭೂಮಿಯಲ್ಲಿ ಸಾಧಾರಣ ಫೋರ್ಡ್ ಕಾರುಗಳನ್ನು ನಡೆಸುತ್ತ, ಟೈರಿನ ಗಾಳಿಯನ್ನಿಳಿಸಿಯೂ, ಹೂತ ಚಕ್ರದಡಿಗೆ ಉಕ್ಕಿನ ಪಟ್ಟಿಗಳನ್ನು ಹಾಸಿಯೂ, ರೇಡಿಯೇಟರಿನಿಂದ ಹಾರಿಹೋಗುವ ಆವಿಯನ್ನು ತಣಿಸಿ ಮತ್ತೆ ನೀರಾಗಿಸಿಯೂ ಮುನ್ನಡೆದ ಆ ಮಹನೀಯರು, ಅಷ್ಟಕ್ಕೇ ತೃಪ್ತರಾಗದೆ ಲಂಡನ್ನಿನಲ್ಲಿ ಗಾಳಿಸುರಂಗವನ್ನು ಕಟ್ಟಿ, ಮರಳಿನ ಕಣಗಳು ಗಾಳಿಗೆ ಹೇಗೆ ನೆಗೆದು ಬೀಳುತ್ತವೆಂಬುದನ್ನು ಅಳೆದು, 1941ರಲ್ಲಿ ಪ್ರಕಟಿಸಿದ ಗ್ರಂಥವನ್ನು ಇಂದಿಗೂ ವಿಜ್ಞಾನಿಗಳು ಆಶ್ರಯಿಸುತ್ತಾರೆ.

ಗಾಳಿಯಿಳಿಸುವುದರ ಮರ್ಮ ಸರಳವಾದುದು. ವಾಹನದ ಭಾರವನ್ನು ಬಹುಮಟ್ಟಿಗೆ ಹೊರುವುದು ಟೈರಿನೊಳಗಿನ ಗಾಳಿ; ಚದರ ಅಂಗುಲಕ್ಕೆ 35 ಪೌಂಡಿನಷ್ಟಿದ್ದ ಒತ್ತಡವನ್ನು 17ಕ್ಕೆ ತಂದರೆ ಟೈರು ನೆಲವನ್ನು ಮುಟ್ಟುವ ವಿಸ್ತಾರವು ಹೆಚ್ಚುಕಡಿಮೆ ಇಮ್ಮಡಿಯಾಗುವುದು. ವಾಲ್ವನ್ನು ಒತ್ತಿ ಗಾಳಿ ಸುಯ್ಯೆಂದು ಹೊರಡುತ್ತಿರುವಾಗ ಟೈರಿನ ಬುಡವನ್ನು ಬಾಗಿ ನೋಡಿದರೆ, ಅದು ಪಕ್ಕಕ್ಕೆ ಹರಡುವುದಕ್ಕಿಂತ ಹಿಂದುಮುಂದಕ್ಕೆ ಚಾಚುವುದು ಕಣ್ಣಿಗೇ ಕಾಣುವುದು. ಮೆತ್ತನೆಯ ಅಗಲ ಪಾದದ ಒಂಟೆ ಹೂಳದೆ ನಡೆಯುವುದೂ ಇದೇ ನಿಯಮದಿಂದ. ಗಟ್ಟಿ ರಸ್ತೆ ಸಿಕ್ಕೊಡನೆ ಮತ್ತೆ ಗಾಳಿ ತುಂಬಲೇಬೇಕು. ತಪ್ಪಿದರೆ ಮಡಚಿಕೊಳ್ಳುತ್ತ ಬಿಚ್ಚಿಕೊಳ್ಳುತ್ತ ಟೈರು ಕಾದು ಸಿಡಿದೀತು.

ಇನ್ನು ನೀರು. ಸುತ್ತಲ ಗಾಳಿಯು ಚರ್ಮಕ್ಕಿಂತ ಬಿಸಿಯಾದಾಗ ದೇಹಕ್ಕೆ ಉಳಿಯುವ ಏಕೈಕ ಉಪಾಯ ಬೆವರು. ಹೂತ ಚಕ್ರವನ್ನು ಸಲಿಕೆಯಿಂದ ಬಿಡಿಸುವವನು ತಾಸಿಗೆ ಒಂದು ಲೀಟರನ್ನಾದರೂ ಕಳೆದುಕೊಳ್ಳಬಲ್ಲನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಶರೀರವಿಜ್ಞಾನಿ ಅಡಾಲ್ಫ್, ಸೈನಿಕರನ್ನು ಮರುಭೂಮಿಯಲ್ಲಿ ಪರೀಕ್ಷಿಸಿ, ನೀರನ್ನು ಉಳಿಸಿಡಲೆಂದು ಬಾಯಾರಿಕೆಯನ್ನು ತಡೆದುಕೊಳ್ಳುವುದರಿಂದ ಬೆವರು ಕಡಮೆಯಾಗದೆಂದೂ, ಬಾಟಲಿಯಲ್ಲಿರುವ ನೀರಿಗಿಂತ ಹೊಟ್ಟೆಯಲ್ಲಿರುವ ನೀರೇ ಉಪಯುಕ್ತವೆಂದೂ ತೋರಿಸಿಕೊಟ್ಟರು. ಹಾಗಾಗಿ ನೀರು ಉಳಿಸುವ ದಾರಿ ನೆರಳು, ಉದ್ದ ತೋಳಿನ ಬಟ್ಟೆ, ಹಗಲಿನ ವಿಶ್ರಾಂತಿ, ಇವುಗಳೇ.

ನಮ್ಮ ಓದುಗರು ಜೂನ್-ಜುಲೈಗಳ ಚಳಿಗಾಲಕ್ಕೆ ಪ್ರಯಾಣವನ್ನು ಮುಂದೂಡಲಿ. ಉಪಗ್ರಹ ಫೋನನ್ನೂ ಒಯ್ಯಲಿ. ಗಾಡಿ ಕೆಟ್ಟರೆ ನಡೆದು ಹೋಗಕೂಡದು, ಅದರ ನೆರಳಿನಲ್ಲೇ ಕಾದಿರಬೇಕು. ಹುಡುಕಿಬರುವ ವಿಮಾನದವರ ಕಣ್ಣಿಗೆ ಒಂಟಿ ಮನುಷ್ಯನಿಗಿಂತ ವಾಹನವು ಬೇಗ ಬೀಳುವುದು.