ಏಳನೇ ಚಾನೆಲ್

‘ಕೊಡಿ ಇಲ್ಲಿ ರಿಮೋಟು, ಐದು ನಿಮಿಷದ ಕೆಲಸ’ ಅಂದಿದ್ದೆ. ಇಂಗ್ಲೆಂಡಿಗೆ ಹೋಗಿ ನಾನು ಆಡಿದ ಅತಿ ದೊಡ್ಡ ಮಾತು ಅದು. ಅದರ ಫಲವನ್ನು ಎರಡು ವಾರ ಉಂಡೆ.

2021ರ ಸೆಪ್ಟೆಂಬರ್. ಎಂ.ಎಸ್‌ಸಿ. ಓದಲು ಈಶಾನ್ಯ ಇಂಗ್ಲೆಂಡಿನ ಮಿಡಲ್ಸ್‌ಬರೋ ಊರಿಗೆ ಹೋಗಿದ್ದೆ. ನಮ್ಮ ಕೋವಿಶೀಲ್ಡ್ ಸರ್ಟಿಫಿಕೇಟನ್ನು ಅಲ್ಲಿ ಇನ್ನೂ ಒಪ್ಪದ ದಿನಗಳವು. ಗೆಳೆಯನ ಫ್ಲ್ಯಾಟಿನಲ್ಲಿ ಹತ್ತು ದಿನ ಕ್ವಾರಂಟೈನ್ ಮುಗಿಸಿ, ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಹಳ್ಳಿಯೊಂದರಲ್ಲಿ ಕಡಿಮೆ ಬಾಡಿಗೆಯ ರೂಮು ಹಿಡಿದೆ. ಮನೆಯೊಡತಿಗೆ ಎಂಬತ್ಮೂರು ವರ್ಷ. ಒಬ್ಬರೇ ಇದ್ದರು. ಆ ಕಡೆಯವರ ರೂಢಿಯಂತೆ ನನ್ನನ್ನು ‘ಪೆಟ್’ ಎಂದು ಕರೆದರು. ಮೊದಲ ದಿನ, ‘ಇದೇನು, ನನ್ನನ್ನು ನಾಯಿಮರಿ ಅಂದುಕೊಂಡರೇ’ ಎಂದು ಗಾಬರಿಯಾಗಿತ್ತು. ಪ್ರೀತಿಯಿಂದ ಕರೆಯುವ ಮಾತು ಅದೆಂದು ಆಮೇಲೆ ಗೊತ್ತಾಯಿತು.

ಹಾಲ್‌ನಲ್ಲಿ ಒಂದು ಹಳೆಯ ಟಿವಿ. ಸಂಜೆಯಾದರೆ ಅದನ್ನು ಆನ್ ಮಾಡಿ ಎದುರಿಗೆ ಕೂರುತ್ತಿದ್ದರು. ಪರದೆ ಕಪ್ಪಗೆ, ನಡುವೆ ‘ಸಿಗ್ನಲ್ ಇಲ್ಲ’ ಎಂಬ ಒಂದು ಸಾಲು. ಅರ್ಧ ಗಂಟೆ ಅದನ್ನೇ ನೋಡಿ, ಆರಿಸಿ, ಮಲಗಲು ಹೋಗುವರು. ಕೇಳಿದರೆ, ‘ಕಂಬ ಸುಟ್ಟುಹೋಯಿತಲ್ಲ, ಪೆಟ್’ ಎಂದರು.

ಕಂಬವೆಂದರೆ ಬಿಲ್ಸ್‌ಡೇಲ್ ಟ್ರಾನ್ಸ್‌ಮಿಟರ್. ಹಳ್ಳಿಯ ದಕ್ಷಿಣಕ್ಕೆ ನಾರ್ತ್ ಯಾರ್ಕ್ ಮೂರ್ಸ್ ಎಂಬ ಬೋಳು ಗುಡ್ಡಗಾಡಿನ ಮೇಲೆ 1969ರಲ್ಲಿ ಎದ್ದ, 300 ಮೀಟರಿಗೂ ಎತ್ತರದ ಉಕ್ಕಿನ ಕಂಬ. ಆ ವರ್ಷದ ಆಗಸ್ಟ್ 10ರಂದು ಅದಕ್ಕೆ ಬೆಂಕಿ ಬಿತ್ತು. ಒಂದೇ ಮಧ್ಯಾಹ್ನದಲ್ಲಿ ಲಕ್ಷಾಂತರ ಮನೆಗಳ ಟಿವಿ ಕಪ್ಪಾದವು. ಡಿಶ್ ಇದ್ದವರಿಗೆ ಏನೂ ಆಗಲಿಲ್ಲ. ಸೂರಿನ ಮೇಲೆ ಆಂಟೆನಾ ಇಟ್ಟುಕೊಂಡು ಗಾಳಿಯಲ್ಲಿ ಪುಕ್ಕಟೆ ಬರುವುದನ್ನು ನೋಡುತ್ತಿದ್ದವರು ಸಿಕ್ಕಿಬಿದ್ದರು. ಪುಕ್ಕಟೆ ಅಂದೆ, ತಪ್ಪು. ಅಲ್ಲಿ ಟಿವಿ ನೋಡಲು ಲೈಸೆನ್ಸ್ ಬೇಕು. ಆ ವರ್ಷ ಅದಕ್ಕೆ 159 ಪೌಂಡ್. ಕಪ್ಪು ಪರದೆಗೂ ಅಷ್ಟೇ.

ಮಿಡಲ್ಸ್‌ಬರೋ ಪಕ್ಕದ ಎಸ್ಟನ್ ನ್ಯಾಬ್ ಎಂಬ ಗುಡ್ಡದ ಮೇಲೆ ತಾತ್ಕಾಲಿಕ ಟ್ರಾನ್ಸ್‌ಮಿಟರ್ ಕೂರಿಸಿ ಆಗಸ್ಟ್‌ನಲ್ಲೇ ಕೆಲವರಿಗೆ ಟಿವಿ ಮರಳಿಸಿದ್ದರು. ‘ರೀಟ್ಯೂನ್ ಮಾಡಿಕೊಳ್ಳಿ’ ಎಂಬ ಸೂಚನೆ ಎಲ್ಲೆಲ್ಲೂ ಇತ್ತು. ನಾನು ಇ ಆ್ಯಂಡ್ ಸಿ ಎಂಜಿನಿಯರ್. ‘ಆಂಟೆನಾ ಆ್ಯಂಡ್ ಪ್ರಾಪಗೇಶನ್’ ಪೇಪರಿನಲ್ಲಿ 72 ತೆಗೆದವನು. ರಿಮೋಟ್ ಕೇಳದೆ ಇರಲು ಸಾಧ್ಯವೇ?

ಮೆನು ಒತ್ತಿದೆ. ಆಟೋ ಟ್ಯೂನ್ ಒತ್ತಿದೆ. ‘ಹಳೆಯ ಪಟ್ಟಿ ಅಳಿಸಿಹೋಗುತ್ತದೆ, ಮುಂದುವರಿಯಲೇ?’ ಎಂದು ಅದು ಕೇಳಿತು. ಓದದೆ ‘ಓಕೆ’ ಒತ್ತಿದೆ. ಆ್ಯಪ್ ಹಾಕಿಕೊಳ್ಳುವಾಗ ನಾವೆಲ್ಲ ಮಾಡುವುದು ಅದನ್ನೇ ಅಲ್ಲವೇ? ನೀಲಿ ಪಟ್ಟಿ ನಿಧಾನವಾಗಿ ಬಲಕ್ಕೆ ಸರಿಯಿತು. ಕೊನೆಗೆ ಬಂದ ಫಲಿತಾಂಶ: ಸಿಕ್ಕ ಚಾನೆಲ್‌ಗಳು ಸೊನ್ನೆ.

‘ಪರವಾಗಿಲ್ಲ, ಮೊದಲೂ ಬರುತ್ತಿರಲಿಲ್ಲವಲ್ಲ’ ಎಂದು ನಕ್ಕೆ. ಅವರು ನಗಲಿಲ್ಲ. ರಿಮೋಟ್ ತೆಗೆದುಕೊಂಡು ಒಂದು ಗುಂಡಿ ಒತ್ತಿದರು, ಮತ್ತೆ ಒತ್ತಿದರು. ‘ಪಟ್ಟಿ ಎಲ್ಲಿ?’

ಅದು ಅವರ ಗಂಡ ಮಾಡಿಟ್ಟ ಪಟ್ಟಿ. ನೂರಾರು ನಂಬರುಗಳ ನಡುವೆ ಹೆಂಡತಿ ಕಳೆದುಹೋಗಬಾರದೆಂದು, ಆಕೆ ನೋಡುವ ಏಳೇ ಏಳು ಚಾನೆಲ್ ಆರಿಸಿ, ಒಂದು ಗುಂಡಿ ಒತ್ತಿದರೆ ಕಾಣುವಂತೆ ‘ಫೇವರಿಟ್ಸ್’ಗೆ ಹಾಕಿಟ್ಟಿದ್ದರು. 2012ರ ಸೆಪ್ಟೆಂಬರಿನಲ್ಲಿ ಆ ಭಾಗದ ಟಿವಿ ಅನಲಾಗ್‌ನಿಂದ ಪೂರ್ತಿ ಡಿಜಿಟಲ್‌ಗೆ ಬದಲಾದಾಗ ಟ್ಯೂನ್ ಮಾಡಿದ್ದು ಅವರೇ. ಆಮೇಲೆ ಮೊಬೈಲ್ ಫೋನುಗಳಿಗೆ ಜಾಗ ಮಾಡಿಕೊಡಲೆಂದು 700 ಮೆಗಾಹರ್ಟ್ಸ್ ಸುತ್ತಲಿನ ಟಿವಿ ತರಂಗಗಳನ್ನು ಖಾಲಿ ಮಾಡಿಸಿದರು. 2020ರ ಆಗಸ್ಟ್ ಹೊತ್ತಿಗೆ ದೇಶವಿಡೀ ಮುಗಿದ ಆ ಬದಲಾವಣೆಯಲ್ಲೂ ಮತ್ತೆ ಟ್ಯೂನ್ ಮಾಡಿ, ಮತ್ತೆ ಏಳನ್ನೂ ಜೋಡಿಸಿದ್ದು ಅವರೇ. ಅದೇ ಚಳಿಗಾಲದಲ್ಲಿ ತೀರಿಕೊಂಡರು. ಸಿಗ್ನಲ್ ಇಲ್ಲದ ಏಳು ವಾರವೂ ಪಟ್ಟಿಯ ಹೆಸರುಗಳು ಮಾತ್ರ ಪರದೆಯ ಮೇಲೆ ಮೂಡುತ್ತಿದ್ದವು. ಅಕ್ಕಪಕ್ಕದವರು ಎಷ್ಟು ಹೇಳಿದರೂ ಅವರು ರೀಟ್ಯೂನ್ ಮುಟ್ಟದೆ ಇದ್ದದ್ದು ಅದಕ್ಕೇ. ನಾನು ಎರಡು ಗುಂಡಿಯಲ್ಲಿ ಮುಗಿಸಿಬಿಟ್ಟಿದ್ದೆ.

ಬೈದಿದ್ದರೆ ಒಳ್ಳೆಯದಿತ್ತು. ‘ಚಹಾ ಕುಡಿಯುತ್ತೀಯಾ?’ ಎಂದು ಕೇಳಿ ಅಡುಗೆಮನೆಗೆ ಹೋದರು.

ಆ ರಾತ್ರಿ ಕೊಪ್ಪಕ್ಕೆ ಫೋನ್ ಮಾಡಿದೆ. ನಮ್ಮಲ್ಲಿ ಆಗಲೇ ಬೆಳಗಿನ ಜಾವ. ಫೋನ್ ಎತ್ತಿದ್ದು ಅಜ್ಜಿ. ಕಥೆಯೆಲ್ಲ ಕೇಳಿ, ‘ಅಲ್ವೋ ಮಾರಾಯ, ಸಿಗ್ನಲ್ ಎಷ್ಟು ಪರ್ಸೆಂಟ್ ಉಂಟು ಅಂತ ಮೊದಲು ನೋಡದೆ ಯಾರಾದ್ರೂ ಸ್ಕ್ಯಾನ್ ಒತ್ತುತ್ತಾರಾ? ಮಳೆ ಹೊಯ್ಯುವಾಗ ನಾನು ಮುಟ್ಟುವುದೇ ಇಲ್ಲ. ಇದ್ದದ್ದೂ ಹೋಗ್ತದೆ’ ಅಂದರು.

ನಾಲ್ಕು ವರ್ಷದ ಎಂಜಿನಿಯರಿಂಗ್ ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿರುವುದು ಡಿಡಿ ಫ್ರೀ ಡಿಶ್. ಅದರಲ್ಲಿ ಖಾಸಗಿ ಚಾನೆಲ್‌ಗಳ ಜಾಗವನ್ನು ಹರಾಜು ಹಾಕುತ್ತಾರೆ. ಏಪ್ರಿಲ್ ಬಂತೆಂದರೆ ಇದ್ದ ಚಾನೆಲ್ ಹೋಗಿ ಹೊಸದು ಬಂದಿರುತ್ತದೆ. ಆಗೆಲ್ಲ ಪೆಟ್ಟಿಗೆಯನ್ನು ಮತ್ತೆ ಸ್ಕ್ಯಾನ್ ಮಾಡುವುದು ಅಜ್ಜಿಯೇ. ನಾನು ಮೊಬೈಲಿನಲ್ಲಿ ಮುಳುಗಿದ್ದೆನಾದ್ದರಿಂದ ನೋಡಿಯೇ ಇರಲಿಲ್ಲ. ಅದಕ್ಕೂ ಮೊದಲು, ಅಪ್ಪನ ಕಾಲದಲ್ಲಿ, ಭಾನುವಾರದ ಕನ್ನಡ ಸಿನಿಮಾಕ್ಕಾಗಿ ಅಡಿಕೆ ಮರಕ್ಕೆ ಆಂಟೆನಾ ಕಟ್ಟಿ ‘ಬಂತಾ?’ ‘ಇಲ್ಲ, ಹೋಯ್ತು!’ ಎಂದು ಕೂಗಾಡುತ್ತಿದ್ದರಂತೆ. ಆಗ ಸಿಗ್ನಲ್ ಕೆಟ್ಟರೆ ಪರದೆಯ ಮೇಲೆ ಚುಕ್ಕಿಗಳ ಮಳೆ. ಅದರ ಹಿಂದೆ ರಾಜ್‌ಕುಮಾರ್ ಇದ್ದಾರೆಂದಾದರೂ ಗೊತ್ತಾಗುತ್ತಿತ್ತು. ಡಿಜಿಟಲ್‌ನಲ್ಲಿ ಆ ಮುಲಾಜಿಲ್ಲ. ಒಂದು ಮಟ್ಟದವರೆಗೆ ಚಿತ್ರ ಕನ್ನಡಿಯಂತೆ. ಸಿಗ್ನಲ್ ಅದಕ್ಕಿಂತ ಕೆಳಗಿಳಿದರೆ ಚೌಕಚೌಕವಾಗಿ ಒಡೆದು, ಮರುಕ್ಷಣ ಏನೂ ಇಲ್ಲ.

ಅಂದಹಾಗೆ, ಅದೇ ತಿಂಗಳುಗಳಲ್ಲಿ ನಮ್ಮ ದೂರದರ್ಶನವೂ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಕಂತಿನ ಮೇಲೆ ಮುಚ್ಚುತ್ತಿತ್ತು. 2022ರ ಮಾರ್ಚ್ ಹೊತ್ತಿಗೆ ಗಡಿ ಮುಂತಾದ ಆಯಕಟ್ಟಿನ ಜಾಗದ ಸುಮಾರು ಐವತ್ತನ್ನು ಬಿಟ್ಟು ಉಳಿದವನ್ನೆಲ್ಲ ನಿಲ್ಲಿಸಿದರು. ನಮ್ಮಲ್ಲಿ ಅದು ಹೆಚ್ಚಿನವರಿಗೆ ಗೊತ್ತೂ ಆಗಲಿಲ್ಲ. ಹಳ್ಳಿಗಳ ಸೂರಿನ ಮೇಲೆ ಅಷ್ಟರಲ್ಲಾಗಲೇ ಡಿಶ್ ಕೂತಿತ್ತು.

ಮಾರನೆಯ ದಿನ ಪ್ರಾಯಶ್ಚಿತ್ತವೆಂದು ನನ್ನ ಲ್ಯಾಪ್‌ಟಾಪ್ ತಂದು ಅವರೆದುರು ಇಟ್ಟೆ. ಬಿಬಿಸಿಯ ಐಪ್ಲೇಯರ್ ತೆರೆದೆ. ಮೊದಲು ಲಾಗಿನ್ ಕೇಳಿತು. ಆಮೇಲೆ ‘ನಿಮ್ಮ ಬಳಿ ಟಿವಿ ಲೈಸೆನ್ಸ್ ಇದೆಯೇ?’ ಎಂದು ಕೇಳಿತು. ‘ಐವತ್ತು ವರ್ಷದಿಂದ ಕಟ್ಟುತ್ತಿದ್ದೇನೆ!’ ಎಂದು ಪರದೆಗೇ ಉತ್ತರ ಕೊಟ್ಟರು. ವಾರ್ತೆ ನೋಡಿದರು. ಮುಗಿದ ಮೇಲೆ ಮುಂದೇನು ಎಂದು ಅದು ನಮ್ಮನ್ನೇ ಕೇಳುವಂತೆ ಚಿತ್ರಗಳ ಸಾಲು ತೋರಿಸಿತು. ಸ್ವಲ್ಪ ಹೊತ್ತು ನೋಡಿ ಲ್ಯಾಪ್‌ಟಾಪ್ ಮುಚ್ಚಿ ನನ್ನ ಕಡೆ ತಳ್ಳಿದರು. ‘ಇದು ನಿನ್ನದು, ಪೆಟ್. ನಂಗೆ ಆರಿಸುವುದು ಬೇಡ. ಯಾರೋ ಹಾಕಿದ್ದನ್ನು ಊರವರೆಲ್ಲ ನೋಡುತ್ತಿರುತ್ತಾರಲ್ಲ, ಅದು ಬೇಕು.’ ಬೇಕಾದ್ದನ್ನು ಬೇಕಾದಾಗ ನೋಡುವುದೇ ಸ್ವಾತಂತ್ರ್ಯ ಎಂದುಕೊಂಡಿದ್ದ ನನಗೆ ಇದು ವಿಚಿತ್ರವಾಗಿ ಕಂಡಿತು. ಆದರೆ ಮರುದಿನ ಅಂಗಡಿಯಲ್ಲಿ ಅವರ ವಯಸ್ಸಿನ ಇಬ್ಬರು ನಿಂತು ನಿನ್ನೆಯ ಧಾರಾವಾಹಿಯ ಬಗ್ಗೆ ಮಾತಾಡುವಾಗ ಇವರು ಸುಮ್ಮನೆ ಬ್ರೆಡ್ ಹಿಡಿದು ನಿಂತದ್ದನ್ನು ನೋಡಿದೆ.

ಅಜ್ಜಿಯ ಬೈಗುಳದ ನಂತರ ನಾನು ಓದಿಕೊಳ್ಳಲು ಕೂತೆ. ಅಲ್ಲಿ ಹತ್ತಾರು ಚಾನೆಲ್‌ಗಳನ್ನು ಒಟ್ಟಿಗೆ ಕಟ್ಟಿ ಒಂದೇ ತರಂಗಾಂತರದಲ್ಲಿ ಕಳಿಸುತ್ತಾರೆ. ಆ ಕಟ್ಟಿಗೆ ‘ಮಲ್ಟಿಪ್ಲೆಕ್ಸ್’ ಎಂದು ಹೆಸರು. ಪಾಪ್‌ಕಾರ್ನ್‌ಗೂ ಅದಕ್ಕೂ ಸಂಬಂಧವಿಲ್ಲ. ಅದನ್ನೊಂದು ಬಸ್ಸು ಎಂದುಕೊಳ್ಳಿ. ಚಾನೆಲ್‌ಗಳು ಒಳಗಿನ ಪ್ರಯಾಣಿಕರು. ಯಾವ ಬಸ್ಸು ಯಾವ ಸ್ಟ್ಯಾಂಡಿಗೆ ಬರುತ್ತದೆಂದು ಟಿವಿ ಒಮ್ಮೆ ಬರೆದಿಟ್ಟುಕೊಳ್ಳುತ್ತದೆ. ಟ್ರಾನ್ಸ್‌ಮಿಟರ್ ತನ್ನ ತರಂಗಾಂತರ ಬದಲಿಸಿದರೆ, ಬಸ್‌ಸ್ಟ್ಯಾಂಡ್ ಸ್ಥಳಾಂತರವಾದ ಮೇಲೂ ಹಳೆಯ ಜಾಗದಲ್ಲೇ ಚೀಲ ಹಿಡಿದು ನಿಂತವರಂತೆ ಟಿವಿ ಕಾಯುತ್ತದೆ. ಆಗ ರೀಟ್ಯೂನ್ ಬೇಕು. ಆದರೆ ಬಸ್ಸೇ ಓಡದ ದಿನ ರೀಟ್ಯೂನ್ ಮಾಡಿದರೆ? ಇದ್ದ ಪಟ್ಟಿ ಹರಿದು, ಸ್ಟ್ಯಾಂಡೆಲ್ಲ ಸುತ್ತಿ, ‘ಯಾವ ಬಸ್ಸೂ ಇಲ್ಲ’ ಎಂದು ಬರೆದುಕೊಳ್ಳುತ್ತದೆ. ನಮ್ಮ ಹಳ್ಳಿ ಗುಡ್ಡದ ಮರೆಯಲ್ಲಿತ್ತು. ಆಂಟೆನಾ ದಕ್ಷಿಣಕ್ಕೆ, ಸತ್ತ ಕಂಬದ ಕಡೆಗೆ ಮುಖ ಮಾಡಿತ್ತು. ಎಸ್ಟನ್ ನ್ಯಾಬ್ ಇರುವುದು ಉತ್ತರಕ್ಕೆ. ಸಿಗ್ನಲ್ ಮೀಟರ್ ತೆರೆದು ನೋಡಿದ್ದರೆ ಸೊನ್ನೆ ಎಂದು ಅದೇ ಹೇಳುತ್ತಿತ್ತು.

ಆಂಟೆನಾ ತಿರುಗಿಸಬಹುದಿತ್ತು. ಎತ್ತರದ ಬೀದಿಯ ಒಬ್ಬರು ತಿರುಗಿಸಿದ್ದರು. ಅವರಿಗೆ ಲೀಡ್ಸ್ ಕಡೆಯ ಸಿಗ್ನಲ್ ಸಿಕ್ಕಿತ್ತು. ತಮಾಷೆಯೆಂದರೆ ನ್ಯೂಕ್ಯಾಸಲ್‌ನಿಂದ ಬರುವ ಬಿಬಿಸಿಯ ಪ್ರಾದೇಶಿಕ ವಾರ್ತೆಗೂ ಲೀಡ್ಸ್‌ನಿಂದ ಬರುವುದಕ್ಕೂ ಹೆಸರು ಒಂದೇ, ‘ಲುಕ್ ನಾರ್ತ್’. ಹೆಸರು ಅದೇ, ಊರು ಬೇರೆ, ಮಳೆ ಬೇರೆ. ನಮ್ಮ ಮನೆಯೊಡತಿ ಅದನ್ನು ನೋಡಿ ಬಂದು, ‘ಅವರ ಹವಾಮಾನ ಕಟ್ಟಿಕೊಂಡು ನನಗೇನು?’ ಎಂದರು.

ಅಕ್ಟೋಬರ್ 6ರಂದು ಸುಟ್ಟ ಕಂಬವನ್ನು ಬೇಕೆಂದೇ ಕೆಡವಿದರು. ನಿಂತಿರುವುದು ಅಪಾಯ ಎನ್ನಿಸುವಷ್ಟು ಬೆಂಕಿ ಅದನ್ನು ತಿಂದಿತ್ತು. ಆ ವಿಡಿಯೊವನ್ನು ನನ್ನ ಫೋನಿನಲ್ಲಿ ಅವರಿಗೆ ತೋರಿಸಿದೆ. ಅವರು ಮದುವೆಯಾಗಿ ಆ ಹಳ್ಳಿಗೆ ಬಂದ ಎರಡು ವರ್ಷಕ್ಕೆ ಎದ್ದ ಕಂಬ. ಎರಡನೇ ಸಲ ನೋಡಲು ಒಪ್ಪಲಿಲ್ಲ. ಅದೇ ಜಾಗದಲ್ಲಿ 80 ಮೀಟರಿನ ತಾತ್ಕಾಲಿಕ ಕಂಬ ನಿಲ್ಲಿಸುವ ಕೆಲಸ ಜಮೀನಿನೊಳಗೆ ಹೋಗುವ ತಕರಾರಿನಿಂದ ಕೋರ್ಟಿಗೂ ಹೋಗಿ ತಡವಾಗಿತ್ತು. ಅಂತೂ ಅಕ್ಟೋಬರ್ ಎರಡನೇ ವಾರ ಅದು ಶುರುವಾಯಿತು.

ಆ ಸಂಜೆ ನಾನು ರಿಮೋಟ್ ಮುಟ್ಟಲಿಲ್ಲ. ಪಕ್ಕದಲ್ಲಿ ಕೂತು ಹೇಳಿದೆ, ಒತ್ತಿದ್ದು ಅವರು. ಮೊದಲು ಸಿಗ್ನಲ್ ಮೀಟರ್. ಕೆಂಪಿನಿಂದ ಹಸಿರಿಗೆ ಏರಿ ನಿಂತಿತು. ಆಮೇಲೆ ಟ್ಯೂನ್. ಒಂದು, ಎಂಟು, ಹದಿನಾಲ್ಕು ಎಂದು ಎಣಿಕೆ ಏರಿದಂತೆ ಅವರ ಕುತ್ತಿಗೆ ಮುಂದೆ ಮುಂದೆ ಬಂತು. ಇನ್ನು ಪಟ್ಟಿ. ಕ್ರಮ ಅವರಿಗೆ ಬಾಯಿಪಾಠ. ಮೊದಲು ವಾರ್ತೆ, ಆಮೇಲೆ ಧಾರಾವಾಹಿ, ಮೂರನೆಯದು ಹಳೆ ಸಾಮಾನು ಹರಾಜು ಹಾಕುವವರದು... ಹೀಗೆ ಆರು ಸಿಕ್ಕವು. ಏಳನೆಯದು, ಹಳೆಯ ಕಪ್ಪು–ಬಿಳುಪು ಸಿನಿಮಾಗಳ ಚಾನೆಲ್, ಬೇರೊಂದು ಮಲ್ಟಿಪ್ಲೆಕ್ಸಿನಲ್ಲಿತ್ತು. ನಮ್ಮ ಗುಡ್ಡದ ಮರೆಗೆ ಅದು ಇಳಿಯಲಿಲ್ಲ. ಬದಲಿಗೆ ಇನ್ನೊಂದು ಹಾಕೋಣವೇ ಎಂದೆ. ‘ಬೇಡ. ಅದನ್ನು ನೋಡುತ್ತಿದ್ದದ್ದು ಅವನು’ ಎಂದರು. ನಾನಿದ್ದ ಅಷ್ಟೂ ದಿನ ಪಟ್ಟಿ ಆರಕ್ಕೇ ನಿಂತಿತ್ತು.

ಮುಂದೊಂದು ದಿನ ಗಾಳಿಯಿಲ್ಲದ, ತಿಳಿ ಬಿಸಿಲಿನ ಮಧ್ಯಾಹ್ನ ಚಿತ್ರ ಚೌಕಚೌಕವಾಗಿ ಒಡೆಯತೊಡಗಿತು. ಅಧಿಕ ಒತ್ತಡದ ವಾತಾವರಣದಲ್ಲಿ ತರಂಗಗಳು ಮೇಲಿನ ಬೆಚ್ಚನೆಯ ಗಾಳಿಯ ಪದರದಲ್ಲಿ ಬಾಗಿ, ಎಲ್ಲೋ ದೂರದ ಟ್ರಾನ್ಸ್‌ಮಿಟರಿನದ್ದು ಇಲ್ಲಿಗೆ ಬಂದು ಅಡ್ಡಗಾಲು ಹಾಕುತ್ತದೆ. ನಾನು ಅಭ್ಯಾಸಬಲದಿಂದ ಕೈ ಚಾಚಿದೆ. ಅವರು ರಿಮೋಟನ್ನು ಕುಶನ್ ಕೆಳಗೆ ತೂರಿಸಿ ಅದರ ಮೇಲೆ ಕೂತರು. ‘ನಿನ್ನ ಅಜ್ಜಿ ಏನೆಂದಿದ್ದರು?’

2023ರ ಮೇ ತಿಂಗಳಲ್ಲಿ, ನಾನು ಬೆಂಗಳೂರಿನ ಕೆಲಸಕ್ಕೆ ಸೇರಿದ ಮೇಲೆ, ಒಂದು ರಾತ್ರಿ ಊಟ ಮಾಡುತ್ತಿದ್ದಾಗ ಫೋನ್ ಬಂತು. ಹಲೋ ಇಲ್ಲ, ಹೇಗಿದ್ದೀಯ ಇಲ್ಲ. ಹಿಂದೆ ಯಾವುದೋ ಹಳೆಯ ಸಿನಿಮಾದ ಪಿಟೀಲು ಜೋರಾಗಿ ಕೇಳುತ್ತಿತ್ತು. 300 ಮೀಟರಿನ ಹೊಸ ಕಂಬ ಶುರುವಾಗಿತ್ತು.

‘ಮೊದಲು ಮೀಟರ್ ನೋಡಿದೆ, ಪೆಟ್’ ಎಂದರು. ‘ಏಳನೆಯದು ಬಂತು.’