ಶಿಲ್ಪದ ಕೆಳಗಿನ ಸಹಿ

ಮಕ್ಕಳೇ, ಬೇಲೂರಿನ ಚೆನ್ನಕೇಶವ ದೇವಾಲಯ ಕಟ್ಟಿಸಿದವರು ಯಾರು? ನಮ್ಮ ಕಣಕಟ್ಟೆಯ ಪುಟಾಣಿಗಳೂ ಥಟ್ಟನೆ ಹೇಳುತ್ತಾರೆ: ವಿಷ್ಣುವರ್ಧನ, 1117. ಸರಿ, ಕೆತ್ತಿದವರು ಯಾರು? ‘ಜಕಣಾಚಾರಿ!’ ಅದು ಜನ ಹೇಳಿಕೊಂಡು ಬಂದ ಕಥೆ. ಮದನಿಕೆಯರ ತುರುಬು, ಡಾಬು, ಕಾಲ್ಗಡಗ ನೋಡಿ ಬೆರಗಾಗುವ ನಾವು ಕೆಳಗಿನ ಪೀಠದತ್ತ ಕಣ್ಣು ಹಾಯಿಸುವುದೇ ಇಲ್ಲ. ಅಲ್ಲಿ ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅವರಲ್ಲಿ ಪ್ರಮುಖರು. ಕೆಲವರು ತಮ್ಮ ಬಿರುದುಗಳನ್ನೂ ಕೆತ್ತಿಕೊಂಡಿದ್ದಾರೆ! ಬ್ಯಾಂಕಿನಲ್ಲಿ ಸಹಿ ತಾಳೆ ನೋಡುತ್ತಿದ್ದ ನನಗಂತೂ ಈ ಸಹಿಗಳ ಮೇಲೇ ಹೆಚ್ಚು ಪ್ರೀತಿ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಶಾಲಾ ಪ್ರವಾಸಕ್ಕೆ ಹೋದಾಗ ಗೈಡನ್ನು ಕೇಳಿ: ದಾಸೋಜನ ಸಹಿ ಎಲ್ಲಿದೆ?