ನಿವೃತ್ತರ ವ್ಯಾಸಂಗ

ಉದ್ಯೋಗದಿಂದ ನಿವೃತ್ತರಾದವರಿಗೆ ಬೆಳಗಿನ ಹತ್ತು ಗಂಟೆಯೇ ಕಠಿನವಾದ ಹೊತ್ತು. ಕಚೇರಿಗೆ ಹೊರಡುವ ಅಭ್ಯಾಸವು ಕಾಲಿನಲ್ಲಿ ಉಳಿದಿರುವುದು, ಹೋಗಬೇಕಾದ ಸ್ಥಳ ಮಾತ್ರ ಇಲ್ಲ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣಗಳ ಇಂತಹ ಹಿರಿಯರು ಮೇಲ್ಪಂಕ್ತಿಗಾಗಿ ದೂರ ನೋಡಬೇಕಾಗಿಲ್ಲ. ಹೇಮಾವತಿಯ ತೀರದ ಹೊಳೆನರಸೀಪುರಕ್ಕೆ 1937ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ತಂದ ವೈ. ಸುಬ್ಬರಾಯರು ಮೊದಲು ಶಾಲೆಯ ಉಪಾಧ್ಯಾಯರಾಗಿದ್ದವರು. 1948ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ಸಚ್ಚಿದಾನಂದೇಂದ್ರ ಸರಸ್ವತಿಗಳೆನಿಸಿದರು. ಅವರ ದೊಡ್ಡ ಸಂಸ್ಕೃತ ಗ್ರಂಥವಾದ ‘ವೇದಾಂತಪ್ರಕ್ರಿಯಾಪ್ರತ್ಯಭಿಜ್ಞಾ’ ಪ್ರಕಟವಾದುದು 1964ರಲ್ಲಿ. ಆಗ ಅವರ ವಯಸ್ಸು 84!

ಎಲ್ಲರೂ ಕಾವಿಯುಡಬೇಕೆಂದು ನಾವು ಹೇಳುತ್ತಿಲ್ಲ. ಹಾಗೆಂದರೆ ಗೃಹಿಣಿಯರು ಈ ಪತ್ರಿಕೆಯನ್ನೇ ಒಲೆಗೆ ಹಾಕಿಯಾರು. ಫ್ರಾನ್ಸಿನ ತುಲೂಸ್ ನಗರದಲ್ಲಿ 1973ರಲ್ಲಿ ಹಿರಿಯರಿಗಾಗಿಯೇ ವಿದ್ಯಾಪೀಠವೊಂದು ಹುಟ್ಟಿತು. ನಮ್ಮ ಊರುಗಳಲ್ಲಿ ಅಷ್ಟೂ ಬೇಡ. ಒಂದು ಜಗುಲಿ, ಒಂದು ಕುಮಾರವ್ಯಾಸಭಾರತ, ನಾಲ್ವರು ಸಮಾನವಯಸ್ಕರು ಸಾಕು. ಕಣ್ಣು ಮಂಜಾದವರು ಕೇಳಲಿ, ಕಂಠವಿದ್ದವರು ಓದಲಿ, ತಿಳಿದವರು ಅರ್ಥ ಹೇಳಲಿ. ಹೊತ್ತು ಬೆಳಗಿನ ಹತ್ತೇ ಆಗಬಹುದು.